ಕಿವಿಯ ಸಾಕ್ಷಿ ನಂಬಬಹುದೇ?

ಕಳೆದ ತಿಂಗಳು ಗಿರಣಿಯ ಬಾಗಿಲ ಸಭೆಯಲ್ಲಿ ನಾವು ಅರ್ಧ ಗಂಟೆ ಮಾತಾಡಿದೆವು. ಮೊದಲ ಸಾಲಿನಲ್ಲಿ ಕುಳಿತಿದ್ದ ಮಗ್ಗದ ಖಾತೆಯ ಹಿರಿಯರೊಬ್ಬರು ನಮ್ಮ ಪ್ರತಿಯೊಂದು ಮಾತಿಗೂ ತಲೆಯಾಡಿಸುತ್ತಿದ್ದರು. ಭಾಷಣ ಮಾಡುವವನಿಗೆ ಇದಕ್ಕಿಂತ ದೊಡ್ಡ ಸುಖವಿಲ್ಲ. ಸಭೆ ಮುಗಿದ ಮೇಲೆ ಚಹದಂಗಡಿಯಲ್ಲಿ ಅವರೇ ಸಿಕ್ಕರು. "ಕಾಕಾ, ಬೋನಸ್ಸಿನ ಬಗ್ಗೆ ನಾವು ಹೇಳಿದ್ದು ನಿಮಗ ಸರಿ ಅನಿಸ್ತೇನು?" ಎಂದು ಕೇಳಿದೆವು. ಅವರು ನಮ್ಮ ಬಾಯಿಯನ್ನೇ ನೋಡುತ್ತ ಮತ್ತೆ ತಲೆಯಾಡಿಸಿ ನಕ್ಕರು. ಪಕ್ಕದಲ್ಲಿದ್ದ ಅವರ ಮಗ, "ಅಪ್ಪಗ ಕಿವಿ ಕೇಳಂಗಿಲ್ರಿ ಮಾಸ್ತರ" ಎಂದ. ಮಗನ ತುಟಿ ನೋಡಿಯೇ ಮಾತನ್ನು ಹಿಡಿದ ಹಿರಿಯರಿಗೆ ಸಿಟ್ಟು ಬಂತು. "ಕೇಳಸ್ತೈತ್ರಿ, ಚೆಂದಾಗಿ ಕೇಳಸ್ತೈತಿ. ತಿಳಿಯಂಗಿಲ್ಲ, ಅಷ್ಟ" ಎಂದರು.

ಕೇಳಿಸುತ್ತದೆ, ತಿಳಿಯುವುದಿಲ್ಲ. ಈ ಮಾತನ್ನು ನಾವು ಅನೇಕ ದಿನ ತಲೆಯಲ್ಲಿ ಹೊತ್ತು ತಿರುಗಾಡಿದೆವು. ಪಗಾರ, ಬೋನಸ್ಸು, ತುಟ್ಟಿಭತ್ಯೆಗಳ ಬಗ್ಗೆ ಈ ಪತ್ರಿಕೆಯಲ್ಲಿ ವಾರವಾರವೂ ಬರೆಯುತ್ತೇವೆ. ಅವನ್ನೆಲ್ಲ ತಿಳಿದುಕೊಳ್ಳುವ ಬಾಗಿಲುಗಳಾದ ಕಣ್ಣು ಕಿವಿಗಳ ಬಗ್ಗೆ ನಾವು ಬರೆದದ್ದು ನೆನಪಿಲ್ಲ. ಈ ವಾರ ಓದುಗ ಬಂಧುಗಳು ಅದಕ್ಕೆ ಸ್ವಲ್ಪ ಎಡೆ ಕೊಡಬೇಕು.

ಮನುಷ್ಯನು ಲೋಕವನ್ನು ಅರಿಯುವುದು ಪಂಚೇಂದ್ರಿಯಗಳ ಮೂಲಕ. ಪ್ರತ್ಯಕ್ಷವೊಂದೇ ಪ್ರಮಾಣ ಎಂದು ನಮ್ಮ ದೇಶದ ಲೋಕಾಯತರು ವಾದಿಸಿದರು. ಪರಲೋಕದ ಹೆಸರಿನಲ್ಲಿ ಹೊಟ್ಟೆ ಹೊರೆಯುವವರನ್ನು ಎದುರು ಹಾಕಿಕೊಂಡರು. ಆ ಧೈರ್ಯಕ್ಕೆ ನಮ್ಮ ನಮಸ್ಕಾರ. ಆದರೆ "ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು" ಎಂದು ನಮ್ಮ ಅಜ್ಜಿಯರು ಹೇಳುತ್ತಿದ್ದ ಗಾದೆಯೂ ಉಂಟು. ಈ ಎರಡರಲ್ಲಿ ನಮ್ಮ ಅಂಗಡಿಕಾರ ಮಿತ್ರರದು ಯಾವ ಪಕ್ಷ? ನಿಸ್ಸಂಶಯವಾಗಿ ಅಜ್ಜಿಯ ಪಕ್ಷ.

ಮೂವತ್ತು ವರ್ಷ ಬೆಲ್ಲ ಮಾರಿದವನೂ ಪೆಂಟೆಯನ್ನು ಕೈಯಲ್ಲಿ ಎತ್ತಿ ನೋಡಿ ಹಣ ಎಣಿಸುವುದಿಲ್ಲ, ತಕ್ಕಡಿಗೆ ಹಾಕುತ್ತಾನೆ. ಏಕೆಂದರೆ ಕೈ ಮೋಸ ಹೋಗುತ್ತದೆ. ನಂಬಿಕೆಯಿಲ್ಲದವರು ಇಂದು ರಾತ್ರಿ ಅಂಗಡಿ ಮುಚ್ಚುವ ಮುಂಚೆ ಪರೀಕ್ಷಿಸಬಹುದು. ಒಂದು ಸಣ್ಣ ಡಬ್ಬಿ, ಒಂದು ದೊಡ್ಡ ಡಬ್ಬಿ ತೆಗೆದುಕೊಂಡು ಮರಳು ತುಂಬಿ, ಎರಡನ್ನೂ ಸರಿಯಾಗಿ ಅರ್ಧ ಕಿಲೋ ಮಾಡಿರಿ. ಗುಮಾಸ್ತನ ಕೈಗೆ ಒಂದೊಂದಾಗಿ ಕೊಟ್ಟು ಯಾವುದು ಭಾರವೆಂದು ಕೇಳಿರಿ. ಸಣ್ಣದು ಎನ್ನುತ್ತಾನೆ. ತಕ್ಕಡಿಯಲ್ಲಿ ತೂಗಿ ತೋರಿಸಿ ಮತ್ತೆ ಎತ್ತಿಸಿರಿ. ಆಗಲೂ ಸಣ್ಣದೇ ಭಾರವಾಗಿ ತೋರುತ್ತದೆ. ಫ್ರಾನ್ಸಿನ ಶಾರ್ಪಾಂತಿಯೇ ಎಂಬ ವೈದ್ಯರು 1891ರಲ್ಲಿಯೇ ಇದನ್ನು ಬರೆದಿಟ್ಟಿದ್ದಾರೆ. ಕಣ್ಣು ಕಂಡದ್ದು ಕೈಯ ಮಾತಿನಲ್ಲಿ ಬೆರೆತುಬಿಡುತ್ತದೆ. ನಿಜ ತಿಳಿದ ಮೇಲೂ ಕೈ ತನ್ನ ಹಟ ಬಿಡುವುದಿಲ್ಲ.

ಕೈಯ ತಪ್ಪು ತಿದ್ದಲು ತಕ್ಕಡಿ ಬಂತು. ಕಿವಿಯ ತಪ್ಪಿಗೆ ಏನುಂಟು? ಸದ್ದು ಅಳೆಯುವ ಯಂತ್ರವೂ ಉಂಟು, ಅದರ ಅಳತೆಗೆ ಡೆಸಿಬಲ್ ಎಂದು ಹೆಸರು. ಇಬ್ಬರು ಎದುರುಬದುರು ಕುಳಿತು ಸಾಧಾರಣವಾಗಿ ಮಾತಾಡಿದರೆ ಸುಮಾರು 60 ಡೆಸಿಬಲ್. ಲಾಳಿಯ ಮಗ್ಗಗಳು ಸಾಲಾಗಿ ಓಡುವ ಖಾತೆಯಲ್ಲಿ ಅದು 95ರಿಂದ 105ರ ತನಕ ಏರುತ್ತದೆ. ಅರವತ್ತಕ್ಕೂ ನೂರಕ್ಕೂ ಏನು ಮಹಾ ಅಂತರ ಎನ್ನಬೇಡಿರಿ. ಈ ಲೆಕ್ಕದಲ್ಲಿ 10 ಕೂಡಿದರೆ ಸದ್ದಿನ ಶಕ್ತಿ ಹತ್ತು ಪಟ್ಟಾಗುತ್ತದೆ, 20 ಕೂಡಿದರೆ ನೂರು ಪಟ್ಟು. ಆದರೆ ಕಿವಿಗೆ ಆ ಹತ್ತು ಪಟ್ಟು ಎರಡು ಪಟ್ಟಿನಷ್ಟು ಮಾತ್ರ ತೋರುತ್ತದೆ. ಸಾಲ ಹತ್ತು ಪಟ್ಟು ಬೆಳೆದಾಗ ಎರಡು ಪಟ್ಟೆಂದು ಕೀರ್ದಿಯಲ್ಲಿ ಬರೆಯುವ ಗುಮಾಸ್ತನನ್ನು ನೀವು ಎಷ್ಟು ದಿನ ಇಟ್ಟುಕೊಳ್ಳುತ್ತೀರಿ? ಎಲೆ ಅಲುಗುವ ಸದ್ದನ್ನೂ ಗುಡುಗನ್ನೂ ಒಂದೇ ಅಂಗ ಕೇಳಬೇಕಾದ್ದರಿಂದ ಪ್ರಕೃತಿ ಕಿವಿಯನ್ನು ಹಾಗೆ ಮಾಡಿದೆ. ಪ್ರಕೃತಿ ಮಗ್ಗದ ಖಾತೆಯನ್ನು ಕಂಡಿರಲಿಲ್ಲ.

ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುತ್ತಿಕೊಂಡ ಒಂದು ನಳಿಗೆ ಇದೆ. ಅದರಲ್ಲಿ ಕೂದಲಿನಂಥ ಎಳೆಗಳುಳ್ಳ ಸುಮಾರು 15,000 ಜೀವಕೋಶಗಳಿವೆ. ಜೋಳದ ಹೊಲದ ಮೇಲೆ ಗಾಳಿ ಬೀಸಿದಂತೆ ಸದ್ದು ಅವುಗಳ ಮೇಲೆ ಹಾಯುತ್ತದೆ. ಬಿರುಗಾಳಿಗೆ ಪೈರು ಮಲಗುತ್ತದೆ, ರಾತ್ರಿ ಬಿಡುವು ಸಿಕ್ಕರೆ ಮತ್ತೆ ಏಳುತ್ತದೆ. ದಿನಕ್ಕೆ ಎಂಟು ಗಂಟೆ ಬಿರುಗಾಳಿಯೇ ಆದರೆ ಕೆಲವು ಏಳುವುದೇ ಇಲ್ಲ. ಹೀಗೆ ಸತ್ತ ಕೋಶಗಳು ಮನುಷ್ಯರಲ್ಲಿ ಮರಳಿ ಹುಟ್ಟುವುದಿಲ್ಲ. ಮೊದಲು ಸಾಯುವುವು ತೀಕ್ಷ್ಣವಾದ, ಎತ್ತರದ ಸದ್ದುಗಳನ್ನು ಹಿಡಿಯುವಂಥವು.

ಇಲ್ಲಿ ಹಳೆಯ ಮಾಸ್ತರಿಕೆ ನಮಗೆ ನೆರವಿಗೆ ಬಂತು. ಮಾತಿನ ಬಲವಿರುವುದು ಸ್ವರಗಳಲ್ಲಿ, ಅವು ದಪ್ಪ ಸದ್ದುಗಳು. ಒಂದು ಮಾತನ್ನು ಇನ್ನೊಂದರಿಂದ ಬೇರೆ ಮಾಡುವುವು ವ್ಯಂಜನಗಳು. ಅವುಗಳಲ್ಲಿ ಸ, ಶ, ಚ, ತ, ಕ ಮೊದಲಾದುವು ಎತ್ತರದ ಸದ್ದುಗಳು, ಬಲವೂ ಕಡಿಮೆ. ಆ ಕೋಶಗಳು ಸತ್ತವನಿಗೆ "ಸರಿ", "ಕರಿ", "ತರಿ" ಮೂರೂ "ಅರಿ" ಎಂದೇ ಕೇಳಿಸಬಹುದು. ದನಿ ಬಂತು, ಮಾತು ಬರಲಿಲ್ಲ. ಚಹದಂಗಡಿಯಲ್ಲಿ ಕಾಕಾ ಹೇಳಿದ್ದು ಅಕ್ಷರಶಃ ಸತ್ಯ.

ಇದು ನಮ್ಮ ಊರಿನ ಕಥೆಯೂ ಅಲ್ಲ, ಹೊಸದೂ ಅಲ್ಲ. ಇಟಲಿಯ ವೈದ್ಯ ರಾಮಜ್ಜಿನಿಯವರು 1713ರಲ್ಲಿಯೇ ವೆನಿಸ್ ನಗರದ ತಾಮ್ರ ಬಡಿಯುವವರ ಕಿವುಡನ್ನು ಕುರಿತು ಬರೆದರು. ನಮ್ಮ ಕಂಚುಗಾರರ ಓಣಿಯಲ್ಲಿ ಒಮ್ಮೆ ನಡೆದು ಬಂದವರಿಗೆ ಇದನ್ನು ವಿವರಿಸಬೇಕಾಗಿಲ್ಲ. 1886ರಲ್ಲಿ ಗ್ಲಾಸ್ಗೋ ನಗರದ ಥಾಮಸ್ ಬಾರ್ ಎಂಬ ವೈದ್ಯರು ಬಾಯ್ಲರ್ ತಯಾರಿಸುವ 100 ಕೆಲಸಗಾರರ ಕಿವಿಯನ್ನು ಗಡಿಯಾರದ ಟಿಕ್ ಟಿಕ್ ಸದ್ದಿನಿಂದ ಪರೀಕ್ಷಿಸಿದರು. ಒಬ್ಬನದೂ ಸರಿಯಾಗಿರಲಿಲ್ಲ. ಅವರು ಇನ್ನೂ ಒಂದು ಪ್ರಶ್ನೆ ಕೇಳಿದರು, ಅದು ನಮ್ಮಂಥ ಸಂಘಟಕರ ಎದೆಗೆ ನಾಟುವಂಥದು: ಸಾರ್ವಜನಿಕ ಸಭೆಯಲ್ಲಿ ಆಡಿದ ಮಾತು ನಿಮಗೆ ತಿಳಿಯುತ್ತದೆಯೇ? ಕಷ್ಟ ಅಥವಾ ಅಸಾಧ್ಯ ಎಂದವರು 75 ಜನ. ಬೀದಿಯಲ್ಲಿ ಟಪಾಲು ಹಂಚುವ ನೂರು ಜನರಲ್ಲಿ ಹಾಗೆ ಹೇಳಿದವರು 8 ಮಾತ್ರ. ಮುಂದೆ 1965ರಲ್ಲಿ ಡಂಡಿ ಪಟ್ಟಣದಲ್ಲಿ ಸೆಣಬು ನೇಯುವ ಹೆಂಗಸರ ಪರೀಕ್ಷೆಯ ವರದಿ ಪ್ರಕಟವಾಯಿತು. ಎತ್ತರದ ಸದ್ದುಗಳು ಹೆಚ್ಚಾಗಿ ಹಾಳಾಗುವುದು ಕೆಲಸದ ಮೊದಲ ಹತ್ತು ಹದಿನೈದು ವರ್ಷಗಳಲ್ಲಿಯೇ ಎಂದು ಅದರಿಂದ ಗೊತ್ತಾಯಿತು. ಎಂದರೆ ಹುಡುಗಿ ಮಗ್ಗಕ್ಕೆ ಬಂದು, ಮದುವೆಯಾಗಿ, ಎರಡು ಮಕ್ಕಳ ತಾಯಾಗುವುದರೊಳಗೆ.

ಹಾಳಾದದ್ದು ಕಿವಿ ಮಾತ್ರವಾಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ಕಿವಿ ಅರ್ಧ ಸುದ್ದಿ ತಂದಾಗ ಮನಸ್ಸು ಸುಮ್ಮನೆ ಕೂಡುವುದಿಲ್ಲ, ಉಳಿದರ್ಧವನ್ನು ತಾನೇ ಕಟ್ಟಿಕೊಳ್ಳುತ್ತದೆ. ಸೊಸೆ ಪಿಸುಗುಟ್ಟಿದಳು, ನನ್ನ ಬಗ್ಗೆಯೇ ಇರಬೇಕು. ಜೊತೆಯವರು ನಕ್ಕರು, ನನ್ನನ್ನು ನೋಡಿಯೇ ನಕ್ಕದ್ದು. ಎರಡು ಸಲ "ಏನು?" ಎಂದು ಕೇಳಿದವನು ಮೂರನೆಯ ಸಲ ಕೇಳಲು ನಾಚಿ ತಲೆಯಾಡಿಸುತ್ತಾನೆ. ಪಗಾರದ ಕಟ್ಟೆಯಲ್ಲಿ ಗುಮಾಸ್ತ ಕಡಿತದ ಲೆಕ್ಕ ಹೇಳುತ್ತಾನೆ, ಇವನು ತಲೆಯಾಡಿಸಿ ಸಹಿ ಹಾಕುತ್ತಾನೆ. ಅದಕ್ಕೆ ಒಪ್ಪಿಗೆ ಎಂದು ಹೆಸರು. ಕ್ರಮೇಣ ಸಭೆಗೆ ಬರುವುದನ್ನೂ ಭಜನೆಗೆ ಹೋಗುವುದನ್ನೂ ಬಿಡುತ್ತಾನೆ. ಆಗ ಲೋಕ ಅವನನ್ನು ಹಟಮಾರಿ ಎನ್ನುತ್ತದೆ, ಸಂಶಯದ ಪ್ರಾಣಿ ಎನ್ನುತ್ತದೆ.

ಲೋಕವನ್ನೇಕೆ ದೂರಬೇಕು? ನಾವು ಮಾಸ್ತರರಾಗಿದ್ದಾಗ ಹಿಂದಿನ ಬೆಂಚಿನ ಒಬ್ಬ ಹುಡುಗನನ್ನು ಒಂದು ವರ್ಷ ದಡ್ಡನೆಂದು ಕರೆದೆವು, ಎರಡು ಸಲ ಹೊಡೆದೂ ಇದ್ದೇವೆ. ಅವನಿಗೆ ಕಿವಿ ಸೋರುತ್ತಿತ್ತು. ಮುಂದಿನ ಬೆಂಚಿಗೆ ಕರೆತಂದ ವರ್ಷವೇ ಲೆಕ್ಕದಲ್ಲಿ ಎಲ್ಲರಿಗಿಂತ ಮುಂದೆ ಬಂದ. ಆ ಎರಡು ಏಟು ನಮಗೆ ಇನ್ನೂ ನೆನಪಿವೆ.

ಮಾಲೀಕರ ಕಡೆಯವರನ್ನು ಕೇಳಿದರೆ "ಅವರಿಗೆ ಸದ್ದು ರೂಢಿಯಾಗಿದೆ" ಎನ್ನುತ್ತಾರೆ. ವಿಚಿತ್ರವೆಂದರೆ ನಮ್ಮ ಕಾರ್ಮಿಕರೂ ಅದನ್ನೇ ಹೇಳುತ್ತಾರೆ. ಮೆಣಸಿನಕಾಯಿ ಅಡತಿಯಲ್ಲಿ ಹೊರಗಿನವನು ಕಾಲಿಟ್ಟ ಕೂಡಲೇ ಸೀನುತ್ತಾನೆ, ಗಾದಿಯ ಮೇಲೆ ಕುಳಿತ ಸಾಹುಕಾರರಿಗೆ ಘಾಟೇ ಇಲ್ಲ. ಘಾಟು ಹೋಯಿತೇ? ಮೂಗು ಹೇಳುವುದನ್ನು ಬಿಟ್ಟಿತು. ಕಿವಿಯ ಮಟ್ಟಿಗಂತೂ ರೂಢಿ ಎಂಬುದರಲ್ಲಿ ಒಂದು ಪಾಲು ಆಗಲೇ ಕಿವುಡು. ಪೆಟ್ಟು ತಿಂದ ಸಾಕ್ಷಿದಾರನನ್ನೇ ನಿಲ್ಲಿಸಿ ಪೆಟ್ಟು ಬಿದ್ದಿಲ್ಲವೆಂದು ಹೇಳಿಸುವ ವ್ಯವಹಾರ ಇದು. ಮನೆಯಲ್ಲೇ ಪರೀಕ್ಷೆ ಮಾಡಬಹುದು. ಪಾಳಿಗೆ ಹೋಗುವ ಮುಂಚೆ ರೇಡಿಯೋದ ಮಾತು ತಿಳಿಯುವಷ್ಟಕ್ಕೆ ಮಾತ್ರ ತಿರುವಿ, ಗುಂಡಿಯ ಮೇಲೆ ಗುರುತು ಮಾಡಿ ಇಡಿರಿ. ಪಾಳಿ ಮುಗಿಸಿ ಬಂದು ಅದೇ ಗುರುತಿನಲ್ಲಿ ಕೇಳಿರಿ. ಮಾತು ಮಸುಕಾಗಿದ್ದರೆ ಪೈರು ಮಲಗಿದೆ ಎಂದು ತಿಳಿಯಿರಿ.

ಹತ್ತಿ ತುರುಕಿಕೊಂಡರೆ ಆಯಿತಲ್ಲ ಎನ್ನುವವರಿಗೆ: ಬರಿಯ ಹತ್ತಿ ಅಷ್ಟೇನೂ ತಡೆಯುವುದಿಲ್ಲ, ಅದಕ್ಕೆಂದೇ ಮಾಡಿದ ಬಿರಡೆಗಳು ಬೇಕು. ಇದರಲ್ಲಿ ನಮ್ಮವರ ತಪ್ಪೂ ಇದೆ. ಬಿರಡೆ ಹಾಕಿದ ಹೊಸ ಹುಡುಗನನ್ನು "ಏನಪಾ, ಸೂಕ್ಷ್ಮ ಅದೀ" ಎಂದು ಹಳಬರೇ ಗೇಲಿ ಮಾಡುತ್ತಾರೆ. ಅವರ ಇನ್ನೊಂದು ತಕರಾರು ಗೇಲಿಯಲ್ಲ, ಅದನ್ನು ಗೌರವದಿಂದ ಕೇಳಬೇಕು. ಒಳ್ಳೆಯ ನೇಕಾರ ತನ್ನ ಮಗ್ಗದ ಕೆಡುಕನ್ನು ಕಣ್ಣಿಗಿಂತ ಮೊದಲು ಕಿವಿಯಿಂದ ಹಿಡಿಯುತ್ತಾನೆ. ನಾಲ್ಕು ಮಗ್ಗಗಳ ಗದ್ದಲದಲ್ಲಿ ಒಂದರ ತಾಳ ತಪ್ಪಿದರೆ ಅವನಿಗೆ ಗೊತ್ತು. ಅಂಥ ಕಿವಿ ವರ್ಷಗಟ್ಟಲೆ ದುಡಿದು ತಯಾರಾದದ್ದು. ಅದನ್ನು ತಯಾರು ಮಾಡಿದ ಖಾತೆಯೇ ಅದನ್ನು ತಿಂದುಹಾಕುತ್ತದೆ.

ಕಾನೂನಿಗೆ ಇದು ಗೊತ್ತಿಲ್ಲದ ಸಂಗತಿಯಲ್ಲ. 1948ರ ಕಾರ್ಖಾನೆ ಕಾಯಿದೆಯ ಮೂರನೆಯ ಅನುಸೂಚಿಯಲ್ಲಿ, ವರದಿ ಮಾಡಲೇಬೇಕಾದ ರೋಗಗಳ ಜೊತೆಗೆ ಸದ್ದಿನಿಂದ ಬರುವ ಕಿವುಡೂ ಸೇರಿತ್ತು. ಆ ಕಾಯಿದೆಯ ಜಾಗಕ್ಕೆ ಬಂದ 2020ರ ಸಂಹಿತೆಯ ಪಟ್ಟಿಯಲ್ಲೂ ಉಂಟು. ಹಳೆಯ ಕಾಯಿದೆಯ ಮಾದರಿ ನಿಯಮಗಳು 90 ಡೆಸಿಬಲ್ಲಿಗೆ ದಿನಕ್ಕೆ 8 ಗಂಟೆ, 100ಕ್ಕೆ 2 ಗಂಟೆ ಮಾತ್ರ ಎಂದು ಮಿತಿ ಹಾಕಿದ್ದವು. ಪಾಳಿ ಎಷ್ಟು ಗಂಟೆಯದೆಂದು ಓದುಗರಿಗೆ ಹೇಳಬೇಕಾಗಿಲ್ಲ. ರಬಕವಿ-ಬನಹಟ್ಟಿಯಲ್ಲಿ ಮನೆಯೊಳಗೇ ನಾಲ್ಕು ಪವರ್‌ಲೂಮ್ ಹಾಕಿಕೊಂಡ ಕುಟುಂಬಕ್ಕೆ ಈ ಯಾವ ನಿಯಮವೂ ಮುಟ್ಟುವುದಿಲ್ಲ. ಅಲ್ಲಿ ಮಗ್ಗವೂ ತೊಟ್ಟಿಲೂ ಒಂದೇ ಸೂರಿನಡಿ.

ನಾವು ಕೇಳುವುದು ದೊಡ್ಡದಲ್ಲ. ಪ್ರತಿ ಖಾತೆಯ ಸದ್ದನ್ನು ಯಂತ್ರದಿಂದ ಅಳೆದು ಅಂಕಿಯನ್ನು ಬಾಗಿಲಿಗೆ ಕನ್ನಡದಲ್ಲಿ ಬರೆದು ಹಾಕಲಿ. ಕೆಲಸಕ್ಕೆ ಸೇರಿದ ದಿನ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಕಿವಿಯ ಪರೀಕ್ಷೆ ಮಾಡಿಸಿ ಆ ಚೀಟಿಯನ್ನು ಕಾರ್ಮಿಕನ ಕೈಗೇ ಕೊಡಲಿ. ಬೆಲ್ಲಕ್ಕೆ ಸಿಕ್ಕಿದ ತಕ್ಕಡಿ ಮನುಷ್ಯನ ಕಿವಿಗೂ ಸಿಗಲಿ.

ನಮ್ಮ ಪಾಲಿನದೂ ಸ್ವಲ್ಪ ಮಾಡಿದ್ದೇವೆ. ಬಾಗಿಲ ಸಭೆಯಲ್ಲಿ ಇನ್ನು ಮುಂದೆ ಗೊತ್ತುವಳಿಗಳನ್ನು ಕರಿಹಲಗೆಯ ಮೇಲೆ ದೊಡ್ಡಕ್ಷರದಲ್ಲಿ ಬರೆದು ನಿಲ್ಲಿಸುತ್ತೇವೆ. ಕಳೆದ ಭಾನುವಾರ ಬೋನಸ್ಸಿನ ಬೇಡಿಕೆಯನ್ನು ಕಾಗದದಲ್ಲಿ ಬರೆದು ಕಾಕಾ ಅವರ ಮನೆಗೆ ಒಯ್ದೆವು. ಅವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಓದಿ, "ಇದಕ್ಕ ನಾ ಒಪ್ಪಂಗಿಲ್ರಿ ಮಾಸ್ತರ" ಎಂದು, ಬದಲಿ ಕಾರ್ಮಿಕರನ್ನು ನಾವು ಲೆಕ್ಕಕ್ಕೆ ಹಿಡಿದಿಲ್ಲವೆಂದು ಹದಿನೈದು ನಿಮಿಷ ವಾದಿಸಿದರು.