ಶಂಖಪುಷ್ಪ ಮೊಳೆತ ಬಗೆ

ಹೋದ ಮಳೆಗಾಲದ ಆರಂಭದಲ್ಲಿ, ಊರಿನಿಂದ ತಂದ ಶಂಖಪುಷ್ಪದ ಬೀಜಗಳಲ್ಲಿ 10ನ್ನು ಪುಣೆಯ ನಮ್ಮ ಸರಕಾರಿ ಬಿಡಾರದ ಅಂಗಳದಲ್ಲಿ ಊರಿದೆವು. 15 ದಿನವಾದರೂ ಮೊಳೆತದ್ದು ಒಂದೇ. “ಈ ಮಣ್ಣು ನಮಗೆ ಒಗ್ಗದು” ಎಂದುಬಿಟ್ಟೆವು. ತಾಯಿಯವರು ನಕ್ಕರು: “ಮಣ್ಣಿಗ್ಯಾಕ ಬೈತೀರಿ? ಬೀಜದ ಸಿಪ್ಪಿ ಗಟ್ಟಿ ಅದ. ನೀರು ಒಳಗ ಇಳೀಬೇಕಲ್ಲ!”

ಉಳಿದ 8 ಬೀಜಗಳನ್ನು ಕಲ್ಲಿನ ಮೇಲೆ ಒಂದು ಮಗ್ಗುಲಿಗೆ ಮೆಲ್ಲಗೆ ಉಜ್ಜಿ, ರಾತ್ರಿಯಿಡೀ ನೀರಿನಲ್ಲಿ ನೆನೆಸಿ, ಬಿಸಿಲು ಬೀಳುವ ಬೇಲಿಯ ಬುಡದಲ್ಲಿ ಅರ್ಧ ಅಂಗುಲ ಆಳಕ್ಕೆ ಊರಿದೆವು. ಹತ್ತು ದಿನದೊಳಗೆ ಆರು ಮೊಳೆತವು. ಹಬ್ಬಲು ದಾರ ಕಟ್ಟಿದೆವು. ಇದು ಅವರೆಯ ಕುಲದ ಬಳ್ಳಿ. ಬೇರಿನ ಗಂಟುಗಳಲ್ಲಿ ತಾನೇ ಸಾರಜನಕ ಕೂಡಿಸಿಕೊಳ್ಳುವುದರಿಂದ ಹೆಚ್ಚು ಗೊಬ್ಬರ ಬೇಡುವುದಿಲ್ಲ. ಬುಡದಲ್ಲಿ ನೀರು ಮಾತ್ರ ನಿಲ್ಲಬಾರದು.

ನವರಾತ್ರಿಗೆ ಬೇಲಿಯೆಲ್ಲ ನೀಲಿಯಾಯಿತು. ಮೂರು ವರ್ಷದಿಂದ ನಾವು ಮಾತನಾಡಿಸದಿದ್ದ ನೆರೆಮನೆಯ ಮರಾಠಿ ತಾಯಿ ಪೂಜೆಗೆಂದು ನಾಲ್ಕು ‘ಗೋಕರ್ಣ’ ಕೇಳಿಕೊಂಡು ಬಂದರು. ಅವರಲ್ಲಿ ಈ ಹೂವಿಗೆ ಆ ಹೆಸರು. ಅಂದು ಹೂ ಕೊಟ್ಟೆವು. ಕಾಯಿ ಒಣಗಿದ ಮೇಲೆ ಬೀಜವನ್ನೂ ಕೊಟ್ಟು, ಸಿಪ್ಪೆ ಉಜ್ಜುವ ಉಪಾಯ ಹೇಳಿದೆವು. ಗಟ್ಟಿ ಸಿಪ್ಪೆ ಬೀಜಕ್ಕೆ ಮಾತ್ರ ಇರಲಿಲ್ಲವೆಂಬುದು ಅಷ್ಟರಲ್ಲಿ ನಮಗೂ ತಿಳಿದಿತ್ತು.