ಗುಟ್ಟಿನ ಬಾಗಿಲು ಯಾರಿಗೆ?

ನ್ಯೂಯಾರ್ಕ್ ನಗರದ ಎಲ್ಡ್ರಿಜ್ ಬೀದಿಯಲ್ಲಿ 1999ನೆಯ ಇಸವಿಯ ಕೊನೆಯ ದಿನ ಒಂದು ಮದ್ಯದಂಗಡಿ ತೆರೆಯಿತು. ಹೆಸರು 'ಮಿಲ್ಕ್ ಅಂಡ್ ಹನಿ', ಅಂದರೆ ಹಾಲು-ಜೇನು. ಬಾಗಿಲಿಗೆ ಬೋರ್ಡಿರಲಿಲ್ಲ, ಟೆಲಿಫೋನ್ ನಂಬರು ಎಲ್ಲರಿಗೂ ತಿಳಿದಿರಲಿಲ್ಲ. 2007ರಲ್ಲಿ ಅದೇ ನಗರದಲ್ಲಿ ಇನ್ನೊಂದು ಬಂತು. ತಿಂಡಿಯಂಗಡಿಯೊಳಗಿನ ಟೆಲಿಫೋನ್ ಗೂಡನ್ನು ಹೊಕ್ಕರೆ ಹಿಂದಿನ ಗೋಡೆಯೇ ಬಾಗಿಲು! ಅದರ ಹೆಸರು 'ಯಾರಿಗೂ ಹೇಳಬೇಡಿ' ಎಂದು. ಒಂದು ಗ್ಲಾಸಿಗೆ ಸುಮಾರು 20 ಡಾಲರ್ ತೆರುವವರಿಗೆ ಈ ಕಣ್ಣುಮುಚ್ಚಾಲೆ ಒಂದು ಷೋಕಿ.

ಇದರ ಮೂಲವನ್ನು ವಾಚಕರು ತಿಳಿಯಬೇಕು. 1920ರ ಜನವರಿ 17ರಿಂದ ಅಮೆರಿಕದಲ್ಲಿ ಪಾನನಿರೋಧ ಜಾರಿಗೆ ಬಂತು. ಮದ್ಯ ತಯಾರಿಸುವುದು, ಮಾರುವುದು, ಸಾಗಿಸುವುದು ಅಪರಾಧವಾಯಿತು. ಆದರೆ ಮೊದಲೇ ಕೊಂಡು ಮನೆಯಲ್ಲಿಟ್ಟುಕೊಂಡದ್ದನ್ನು ಕುಡಿಯುವುದು ಅಪರಾಧವಲ್ಲ! ವರ್ಷಗಟ್ಟಲೆಗೆ ಸಾಕಾಗುವಷ್ಟು ಕೊಂಡಿಡಲು ಶಕ್ತಿಯಿದ್ದವರು ಯಾರು? ದಿನಗೂಲಿಯವನೇ? ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ ಧನಿಕರು ಕುಡಿದರು. 'ಸ್ಪೀಕ್‌ಈಸಿ' ಅಂದರೆ 'ಮೆಲ್ಲಗೆ ಮಾತಾಡು' ಎಂಬ ಹೆಸರಿನ ಕಳ್ಳ ಅಂಗಡಿಗಳು ಎದ್ದವು. ನ್ಯೂಯಾರ್ಕಿನ 52ನೆಯ ಬೀದಿಯ '21 ಕ್ಲಬ್' ನೆಲಮಾಳಿಗೆಯಲ್ಲಿ ಗೋಡೆಯಂತೆ ಕಾಣುವ ಬಾಗಿಲಿಟ್ಟು ಅದರ ಹಿಂದೆ ಸೀಸೆಗಳನ್ನು ಬಚ್ಚಿಟ್ಟಿತು.

ಬಡವನಿಗೆ ಸಿಕ್ಕಿದ್ದೇನು? ಕಾರ್ಖಾನೆಯ ಸ್ಪಿರಿಟ್ಟು. ಅದನ್ನು ಕುಡಿಯದಿರಲೆಂದು ಸರ್ಕಾರವೇ ವಿಷ ಬೆರೆಸುವಂತೆ ಕಟ್ಟಳೆ ಮಾಡಿತ್ತು, ಕುಡಿದವರು ಸತ್ತರು. 1930ರಲ್ಲಿ ಶುಂಠಿಯ ಕಲಬೆರಕೆ ಔಷಧಿಯನ್ನು ಮದ್ಯದ ಬದಲು ಕುಡಿದು ಸಾವಿರಾರು ಜನ ಕಾಲಿನ ಸ್ವಾಧೀನ ಕಳೆದುಕೊಂಡರು. 1933ರ ಡಿಸೆಂಬರ್ 5ರಂದು ಆ ಕಾನೂನು ಹೋಯಿತು. ಅಂದು ಬಡವನ ಪ್ರಾಣ ತೆಗೆದ ಗುಟ್ಟು ಇಂದು ಶ್ರೀಮಂತನ ವಿನೋದವಾಗಿ ಮಾರಾಟವಾಗುತ್ತಿದೆ.

ದೂರದ ಕಥೆಯೆಂದು ಕೈ ತೊಳೆದುಕೊಳ್ಳುವಂತಿಲ್ಲ. ನಮ್ಮ ರಾಜ್ಯದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಂತಿತು, ವಿಸ್ಕಿ ನಿಲ್ಲಲಿಲ್ಲ. ಮರುವರ್ಷ ಮೇ ತಿಂಗಳಲ್ಲಿ ಕರ್ನಾಟಕ, ತಮಿಳುನಾಡುಗಳಲ್ಲಿ ಕಳ್ಳಭಟ್ಟಿಗೆ ನೂರಕ್ಕೂ ಹೆಚ್ಚು ಬಡವರು ಬಲಿಯಾದರು.

ಗುಟ್ಟಿನ ಬಾಗಿಲಿನ ಒಳಗೆ ಗ್ಲಾಸು ಹಿಡಿದು ನಿಂತವನನ್ನೂ ನೋಡೋಣ. ಭಕ್ಷೀಸು ಪಡೆಯುವ ಕೆಲಸಗಾರನಿಗೆ ಧಣಿ ಕೈಯಿಂದ ಕೊಡಬೇಕಾದ ಕೂಲಿ, ಅಮೆರಿಕದ ಕೇಂದ್ರ ಕಾನೂನಿನಂತೆ, 1991ರಿಂದ ಗಂಟೆಗೆ 2.13 ಡಾಲರಿನಲ್ಲೇ ನಿಂತಿದೆ. ನ್ಯೂಯಾರ್ಕ್ ರಾಜ್ಯ ಹೆಚ್ಚು ಗೊತ್ತುಮಾಡಿದೆ, ನಿಜ. ಅಲ್ಲಿಯೂ ಕೂಲಿಯ ಒಂದು ಪಾಲು ಗಿರಾಕಿಯ ಭಕ್ಷೀಸಿಗೇ ಬಿಟ್ಟದ್ದು. ಭಕ್ಷೀಸು ಸಾಲದಿದ್ದರೆ ಧಣಿ ತುಂಬಿಕೊಡಬೇಕಂತೆ. ಲೆಕ್ಕ ಬರೆಯುವವನು ಯಾರು? ಧಣಿಯೇ. ಎಲ್ಡ್ರಿಜ್ ಬೀದಿಯ ಆ ಕೇರಿ ಹಿಂದೆ ಬಟ್ಟೆ ಹೊಲಿಯುವ ವಲಸೆಗಾರರದು, ಉಪ್ಪಿನಕಾಯಿ ಮಾರುವ ಸಣ್ಣ ವ್ಯಾಪಾರಿಗಳದು. ಷೋಕಿ ಬಂತು, ಬಾಡಿಗೆ ಏರಿತು. ಸಣ್ಣ ಅಂಗಡಿಗಳು ಒಂದೊಂದಾಗಿ ಜಾಗ ಖಾಲಿ ಮಾಡಿದವು.

ಕುಡಿತ ಒಳ್ಳೆಯದೆಂದು ನಾವು ಹೇಳುವುದಿಲ್ಲ. ಬಟವಾಡೆಯ ಸಂಜೆ ಬರಿಗೈಯಲ್ಲಿ ಮನೆಗೆ ಬಂದವನ ಹೆಂಡತಿಯ ಕಣ್ಣೀರು ನಮಗೆ ತಿಳಿಯದ್ದಲ್ಲ. ನಾವು ಕೇಳುವುದಿಷ್ಟು: ನಿಷೇಧವಾದರೆ ಹೆಂಡಕ್ಕೂ ವಿಸ್ಕಿಗೂ ಒಂದೇ ಅಳತೆಗೋಲಿರಲಿ. ದುಡಿದವನಿಗೆ ಧಣಿಯ ಕೈಯಿಂದಲೇ ಪೂರ್ತಿ ಕೂಲಿ ಸಲ್ಲಲಿ. ಇನ್ನೊಬ್ಬರ ದಯೆಯ ಮೇಲೆ ನಿಂತದ್ದು ಕೂಲಿಯಲ್ಲ, ಭಿಕ್ಷೆ.