ನಾಲ್ಕೂವರೆಗೆ ಮುಗಿಯೋ ಕೆಲಸ

ಮೊನ್ನೆ ಆಫೀಸಿನ ಕ್ಯಾಂಟೀನಿನಲ್ಲಿ ಸಹೋದ್ಯೋಗಿಯೊಬ್ಬ, "ಟೀಚರ್ ಕೆಲಸ ಅಂದ್ರೆ ಆರಾಮು ಗುರೂ. ನಾಲ್ಕೂವರೆಗೆ ಮನೆ, ದಸರಾ ರಜೆ, ಬೇಸಿಗೆ ರಜೆ" ಅಂದ. ಎಲ್ಲರೂ ತಲೆಯಾಡಿಸಿದರು. ನಾನು ಅನ್ನ ಕಲಸ್ತಾ ಸುಮ್ಮನಿದ್ದೆ. ಹಾಗೆ ಸುಮ್ಮನಿದ್ದದ್ದಕ್ಕೇ ಈಗ ಬರೀತಿದ್ದೀನಿ.

ನಮ್ಮಕ್ಕ ಊರಿನ ಹತ್ತಿರದ ಸರ್ಕಾರಿ ಶಾಲೆಯಲ್ಲಿ ನಲಿ-ಕಲಿ ಟೀಚರು. ಒಂದು, ಎರಡು, ಮೂರನೇ ತರಗತಿ ಮೂರೂ ಒಂದೇ ಕೋಣೆಯಲ್ಲಿ. ಎಷ್ಟು ಮಕ್ಕಳು ಹಾಲು ಕುಡಿದರು, ಎಷ್ಟು ಮಕ್ಕಳು ಉಂಡರು, ಎಷ್ಟು ಮೊಟ್ಟೆ ಖರ್ಚಾಯ್ತು, ಎಲ್ಲಕ್ಕೂ ಲೆಕ್ಕ ಬರೀಬೇಕು. ರಾತ್ರಿ ಮನೇಲಿ ಕೂತು ಸ್ವಂತ ಮೊಬೈಲಿನಲ್ಲಿ ಎಸ್‌ಎಟಿಎಸ್‌ಗೆ ಮಾಹಿತಿ ತುಂಬಬೇಕು. ಸರ್ವರ್ ಕೈಕೊಟ್ಟರೆ (ಅದು ನಮ್ಮಂಥವರೇ ಕಟ್ಟಿದ್ದು, ಇರಲಿ) ಹನ್ನೊಂದು ಗಂಟೆಗೆ ಮತ್ತೆ ಪ್ರಯತ್ನ. ಮತದಾರರ ಪಟ್ಟಿ ಪರಿಷ್ಕರಣೆ ಬಂತೆಂದರೆ ಭಾನುವಾರವೂ ಹೋಯ್ತು.

2009ರ ಶಿಕ್ಷಣ ಹಕ್ಕು ಕಾಯ್ದೆ ಶಿಕ್ಷಕರಿಗೆ ವಾರಕ್ಕೆ 45 ಗಂಟೆ ಹೇಳುತ್ತದೆ, ಪಾಠದ ತಯಾರಿಯೂ ಅದರೊಳಗೇ. ಬೇರೆ ಕೆಲಸಕ್ಕೆ ಹಚ್ಚಬಾರದು ಅಂತಲೂ ಹೇಳುತ್ತದೆ. ಆಮೇಲೆ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಅಂತ ತಾನೇ ಬಾಗಿಲು ತೆಗೆಯುತ್ತದೆ. ಕಾಲೇಜಿನ ಸಹಾಯಕ ಪ್ರಾಧ್ಯಾಪಕರಿಗೆ ಯುಜಿಸಿಯ 2018ರ ನಿಯಮದಂತೆ ವಾರಕ್ಕೆ 16 ಗಂಟೆ ನೇರ ಪಾಠ, ಪ್ರೊಫೆಸರಿಗೆ 14. ಓದಿಕೊಳ್ಳೋಕೆ ಅವರಿಗೆ ಸಮಯ ಬೇಕು, ನನ್ನ ತಕರಾರಿಲ್ಲ. ಆದರೆ ಆರು ವರ್ಷದ ಮಗುವಿಗೆ ಅಕ್ಷರ ಹತ್ತಿಸೋಕೆ ತಯಾರಿ ಬೇಡ ಅಂತ ತೀರ್ಮಾನಿಸಿದ್ದು ಯಾರು?

ಇನ್ನು ಫಾರಿನ್ ಉದಾಹರಣೆ ಕೊಡೋರು. ಒಇಸಿಡಿಯ 2018ರ ಸಮೀಕ್ಷೆ ನೋಡಿ. ಜಪಾನಿನಲ್ಲಿ ಏಳರಿಂದ ಒಂಬತ್ತನೇ ತರಗತಿಯ ಶಿಕ್ಷಕರು ವಾರಕ್ಕೆ 56 ಗಂಟೆ ದುಡೀತಾರೆ. ಅದರಲ್ಲಿ ಪಾಠ ಬರೀ 18 ಗಂಟೆ! ಉಳಿದದ್ದೆಲ್ಲ ಮಕ್ಕಳ ಕ್ಲಬ್ಬು, ಮೀಟಿಂಗು, ಕಾಗದಪತ್ರ, ತಯಾರಿ. ಫಿನ್‌ಲೆಂಡಿನವರದು ಒಟ್ಟಾರೆ ಸುಮಾರು 33. ಮಕ್ಕಳ ಕಲಿಕೆಯಲ್ಲಿ ಎರಡೂ ದೇಶ ಹೆಸರು ಮಾಡಿವೆ. ಅಂದಮೇಲೆ ಗಂಟೆ ಎಣಿಸಿ ಟೀಚರನ್ನ ಅಳೆಯೋದೇ ತಪ್ಪು. ಆ ಗಂಟೆಯೊಳಗೆ ಏನು ತುರುಕಿದ್ದೀವಿ ಅನ್ನೋದನ್ನ ಕೇಳಬೇಕು.

ನಾವು ಹದಿನೈದು ನಿಮಿಷದ ಸ್ಟ್ಯಾಂಡಪ್ಪನ್ನೂ ಟೈಮ್‌ಶೀಟಿಗೆ ಹಾಕೋ ಜನ. ಒಂದು ರಾತ್ರಿ ಪ್ರೊಡಕ್ಷನ್ ಸಪೋರ್ಟ್ ಮಾಡಿದ್ರೆ ಮರುದಿನ ಕಾಂಪ್ ಆಫ್ ಕೇಳ್ತೀವಿ. ಮುಂದಿನ ಸಲ ಅವನು ಮತ್ತೆ ಹಾಗಂದ್ರೆ ಅಕ್ಕನ ನಂಬರ್ ಕೊಡ್ತೀನಿ. ಭಾನುವಾರ ಮಾತ್ರ ಫೋನ್ ಮಾಡಬೇಡ ಅಂತೀನಿ. ಪಟ್ಟಿ ಹಿಡ್ಕೊಂಡು ಯಾರದೋ ಜಗಲಿ ಮುಂದೆ ನಿಂತಿರ್ತಾಳೆ.